ಪಠ್ಯದಲ್ಲಿಲ್ಲದ ರೈಲು

1962ರ ನವೆಂಬರ್ 19 ಮತ್ತು 20. ಭಾರತ-ಚೀನಾ ಯುದ್ಧದಲ್ಲಿ ಬೆಟ್ಟದ ಊರು ಬೊಮ್ಡಿಲಾ ಚೀನೀ ಸೈನ್ಯದ ವಶವಾಗಿತ್ತು. ಬ್ರಹ್ಮಪುತ್ರೆಯ ಉತ್ತರ ದಡದ ತೇಜಪುರದಲ್ಲಿ, ಶತ್ರು ಇನ್ನೇನು ಬಂದೇಬಿಟ್ಟ ಎಂಬ ಭಯ. ಅಧಿಕಾರಿಗಳು ಊರು ಬಿಟ್ಟರು. ಬ್ಯಾಂಕಿನಲ್ಲಿದ್ದ ನೋಟಿನ ಕಂತೆಗಳಿಗೆ ಬೆಂಕಿ ಹಚ್ಚಿದರು, ನಾಣ್ಯಗಳನ್ನು ಕೆರೆಗೆ ಸುರಿದರು. ಮಾನಸಿಕ ಆಸ್ಪತ್ರೆಯ ಬಾಗಿಲು ತೆರೆದು ರೋಗಿಗಳನ್ನು ಹೊರಗೆ ಬಿಟ್ಟರು. ಜನ ಕೈಗೆ ಸಿಕ್ಕಿದ್ದನ್ನು ಹೊತ್ತು ನದಿ ದಾಟಿದರು. ಆಕಾಶವಾಣಿಯಲ್ಲಿ ಪ್ರಧಾನಿ ನೆಹರೂ ಅಸ್ಸಾಮಿನ ಜನರಿಗಾಗಿ ಮರುಗಿ ಆಡಿದ ಮಾತು ಅಲ್ಲಿನವರ ಕಿವಿಗೆ ಬೀಳ್ಕೊಡುಗೆಯಂತೆ ಕೇಳಿಸಿತು. ಆ ನೋವು ಅಲ್ಲಿ ಇಂದಿಗೂ ಪೂರ್ತಿ ಮಾಸಿಲ್ಲ.

ಅದೇ ದಿನಗಳಲ್ಲಿ, ಅದೇ ಅಸ್ಸಾಮಿನ ಮಾಕುಮ್ ಎಂಬ ಊರಿನಲ್ಲಿ ಪೊಲೀಸರು ಚೀನೀ ಮೂಲದವರ ಮನೆ ಬಾಗಿಲು ತಟ್ಟಿದರು. 1830ರ ದಶಕದಲ್ಲಿ ಚಹಾ ಬೆಳೆಯುವ ಕಸುಬು ಕಲಿಸಲೆಂದು ಬ್ರಿಟಿಷರು ಚೀನಾದಿಂದ ಕೆಲಸಗಾರರನ್ನು ಅಸ್ಸಾಮಿಗೆ ಕರೆತಂದಿದ್ದರು. ಮಾಕುಮ್‌ನಲ್ಲಿದ್ದ ಎಷ್ಟೋ ಕುಟುಂಬಗಳ ಬೇರು ಅಂಥ ವಲಸೆಗಳಲ್ಲಿತ್ತು. ಅಸ್ಸಾಮೀ ಹೆಣ್ಣುಮಕ್ಕಳನ್ನು ಮದುವೆಯಾದವರು, ಅಸ್ಸಾಮೀ ಬಿಟ್ಟರೆ ಬೇರೆ ಭಾಷೆ ಸರಿಯಾಗಿ ಬಾರದವರು, ಚೀನಾ ದೇಶವನ್ನು ಭೂಪಟದಲ್ಲಷ್ಟೇ ಕಂಡವರು. ನಿಮ್ಮ ರಕ್ಷಣೆಗಾಗಿ, ಕೆಲವು ದಿನಗಳ ಮಟ್ಟಿಗೆ ಎಂದು ಹೇಳಿ ಅವರನ್ನು ಒಂದೆಡೆ ಸೇರಿಸಿದರು. ಶಿಲ್ಲಾಂಗ್‌ನಲ್ಲಿ, ಡಾರ್ಜಿಲಿಂಗ್‌ನಲ್ಲಿ ಕೂಡ ಇದೇ ನಡೆಯಿತು. ಆಮೇಲೆ ರೈಲು ಹತ್ತಿಸಿದರು. ಸುಮಾರು ಒಂದು ವಾರ ಓಡಿದ ಆ ರೈಲು ನಿಂತದ್ದು ರಾಜಸ್ಥಾನದಲ್ಲಿ. ಅಲ್ಲಿಂದ ಮುಂದಿನ ವಿಳಾಸ ದೇವ್ಲಿ ಎಂಬ ಊರಿನ ತಂತಿಬೇಲಿಯ ಶಿಬಿರ. ಹೀಗೆ ಬಂಧನಕ್ಕೊಳಗಾದವರು ಸುಮಾರು 3,000 ಮಂದಿ. ಮುದುಕರಿದ್ದರು, ಬಸುರಿಯರಿದ್ದರು, ಶಾಲೆಯ ಚೀಲ ಮನೆಯಲ್ಲೇ ಬಿಟ್ಟು ಬಂದ ಮಕ್ಕಳಿದ್ದರು.

ತೇಜಪುರದ ಭಯವನ್ನೂ ಮಾಕುಮ್‌ನ ರೈಲನ್ನೂ ಒಂದೇ ಪಿರಿಯಡ್‌ನಲ್ಲಿ ಪಾಠ ಮಾಡಬೇಕು ಎಂಬುದು ನನ್ನ ಬಲವಾದ ನಂಬಿಕೆ. ಬಿಡಿಬಿಡಿಯಾಗಿ ಹೇಳಿದರೆ ಎರಡೂ ಸುಳ್ಳಾಗುತ್ತವೆ. ಮೊದಲನೆಯದನ್ನಷ್ಟೇ ಹೇಳಿದರೆ ನಾವು ಬರೀ ಪೆಟ್ಟು ತಿಂದವರು. ಎರಡನೆಯದನ್ನಷ್ಟೇ ಹೇಳಿದರೆ ಆಗಿನ ಅಧಿಕಾರಿಗಳೆಲ್ಲ ಕಾರಣವೇ ಇಲ್ಲದೆ ಕ್ರೂರಿಗಳಾದರು ಎಂದು ಮಕ್ಕಳು ತಿಳಿಯುತ್ತಾರೆ, ಅಂಥವರು ನಾವಂತೂ ಅಲ್ಲ ಎಂದು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ.

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದ ವರ್ಷಗಳಲ್ಲಿ ನಾನೂ ಬಹುಕಾಲ ಈ ಯುದ್ಧವನ್ನು ಎರಡು ಅಂಕದ ಪ್ರಶ್ನೆಯಾಗಿಯೇ ಮುಗಿಸಿದವಳು. ಯುದ್ಧ ಯಾವಾಗ ನಡೆಯಿತು, ಪಂಚಶೀಲ ಎಂದರೇನು, ಗಡಿರೇಖೆಯ ಹೆಸರೇನು. ದೇವ್ಲಿಯ ಹೆಸರು ನನ್ನ ಓದಿನಲ್ಲಿ ಬಂದದ್ದೇ ತಡವಾಗಿ. ಅಸ್ಸಾಮೀ ಲೇಖಕಿ ರೀತಾ ಚೌಧುರಿಯವರ ‘ಮಾಕಾಮ್’ ಕಾದಂಬರಿ 2010ರಲ್ಲಿ ಬಂತು. ಡಾರ್ಜಿಲಿಂಗ್‌ನಲ್ಲಿ ಬೆಳೆದು ಹದಿಮೂರನೆಯ ವಯಸ್ಸಿನಲ್ಲಿ ದೇವ್ಲಿ ಸೇರಿದ ಯಿನ್ ಮಾರ್ಶ್ ತಮ್ಮ ನೆನಪುಗಳನ್ನು ಪುಸ್ತಕವಾಗಿಸಿದರು. ಶಿಬಿರದಲ್ಲೇ ಹುಟ್ಟಿದ ಜಾಯ್ ಮಾ ಅವರು ದಿಲೀಪ್ ಡಿಸೋಜಾ ಜೊತೆಗೂಡಿ ಬರೆದ ‘ದಿ ದೇವ್ಲಿವಾಲಾಸ್’ 2020ರಲ್ಲಿ ಪ್ರಕಟವಾಯಿತು. ಇವನ್ನು ಓದಿದ ಮೇಲೆ ಹಳೆಯ ನೋಟ್ಸ್ ಹಿಡಿದು ತರಗತಿಗೆ ಹೋಗಲು ಮನಸ್ಸು ಒಪ್ಪಲಿಲ್ಲ.

ಮೊದಲ ಸಲ ಈ ಪಾಠ ಮಾಡಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಹಾಗಾದ್ರೆ ನೆಹರೂ ಕೆಟ್ಟೋರಾ ಮೇಡಂ?” ಎಂದ. ಇಡೀ ತರಗತಿ ನನ್ನ ಮುಖ ನೋಡಿತು. ಹೌದು ಅಥವಾ ಇಲ್ಲ ಎಂದು ಹೇಳಿಬಿಟ್ಟರೆ ಪಾಠ ಅಲ್ಲಿಗೆ ಮುಗಿದಂತೆ. ನಮ್ಮ ಮಕ್ಕಳಿಗೆ ಹೊಂದಿಸಿ ಬರೆಯುವ ಅಭ್ಯಾಸ ನಾವೇ ಮಾಡಿಸಿದ್ದೇವೆ. ಎಡಗಡೆ ಹೆಸರು, ಬಲಗಡೆ ಒಳ್ಳೆಯವನು ಇಲ್ಲವೇ ಕೆಟ್ಟವನು. ನಾನು ಅವನಿಗೆ ದೇವ್ಲಿಯ ಹಿಂದಿನ ಕಥೆ ಹೇಳಿದೆ.

ಆ ಶಿಬಿರ 1962ರಲ್ಲಿ ಹೊಸದಾಗಿ ಕಟ್ಟಿದ್ದಲ್ಲ. ಎರಡನೆಯ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ, ವಿಚಾರಣೆಯಿಲ್ಲದೆ ಬಂಧಿಸಿದ ಭಾರತೀಯ ರಾಜಕೀಯ ಕೈದಿಗಳನ್ನು ಇಟ್ಟದ್ದು ಅಲ್ಲೇ. ಜಯಪ್ರಕಾಶ ನಾರಾಯಣರು ಅಲ್ಲಿದ್ದರು, ಕಮ್ಯುನಿಸ್ಟ್ ನಾಯಕ ಎಸ್.ಎ. ಡಾಂಗೆ ಅಲ್ಲಿದ್ದರು. 1941ರಲ್ಲಿ ಕೈದಿಗಳು ದೀರ್ಘ ಉಪವಾಸ ಹೂಡಿದ ಮೇಲೆ ಅವರನ್ನೆಲ್ಲ ಬೇರೆ ಬೇರೆ ಜೈಲುಗಳಿಗೆ ಕಳಿಸಿದರು. ಆಮೇಲೆ ಅದೇ ದೇವ್ಲಿಗೆ ಬಂದವರು ಜಪಾನೀ ನಾಗರಿಕರು. ಸಿಂಗಪುರ, ಮಲಯ ಮುಂತಾದ ಕಡೆ ಅಂಗಡಿ, ಕಸುಬು ಮಾಡಿಕೊಂಡಿದ್ದವರನ್ನು ಜಪಾನ್ ಯುದ್ಧಕ್ಕೆ ಇಳಿದೊಡನೆ ಹಿಡಿದು, ಮೊದಲು ದೆಹಲಿಯ ಪುರಾನಾ ಕಿಲಾದಲ್ಲಿಟ್ಟು, ನಂತರ ಇಲ್ಲಿಗೆ ತಂದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಆ ಶಿಬಿರದಲ್ಲಿ ಗೋಲಿಬಾರ್ ಆಗಿ ಹಲವರು ಸತ್ತರು. ಹದಿನಾರು ವರ್ಷ ಕಳೆದ ಮೇಲೆ ಸ್ವತಂತ್ರ ಭಾರತದ ಸರ್ಕಾರ ಅದೇ ಜಾಗಕ್ಕೆ ತನ್ನದೇ ನೆಲದ ಜನರನ್ನು ಕಳಿಸಿತು. ಕಳಿಸಿದ ಸರ್ಕಾರದ ಪ್ರಧಾನಿ ಒಟ್ಟು ಒಂಬತ್ತು ವರ್ಷದಷ್ಟು ಕಾಲವನ್ನು ಬ್ರಿಟಿಷರ ಜೈಲುಗಳಲ್ಲಿ ಕಳೆದವರು. ಅಹಮದ್‌ನಗರದ ಕೋಟೆಯಲ್ಲಿ ಕೈದಿಯಾಗಿದ್ದಾಗಲೇ ‘ದಿ ಡಿಸ್ಕವರಿ ಆಫ್ ಇಂಡಿಯಾ’ ಬರೆದವರು.

ಹುಡುಗ ಕುಳಿತುಕೊಂಡ. ಅವನ ಪ್ರಶ್ನೆಗೆ ಉತ್ತರ ಸಿಕ್ಕಿರಲಿಲ್ಲ, ಆದರೆ ಪ್ರಶ್ನೆ ಬೆಳೆದಿತ್ತು. ಜೈಲಿನ ಕಷ್ಟ ಮೈಮೇಲೆ ಅನುಭವಿಸಿದವರ ಸರ್ಕಾರವೇ ಹೀಗೆ ಮಾಡಿದ್ದು ಹೇಗೆ?

ಹೇಗೆ ಎಂಬುದಕ್ಕೆ ದಿನಾಂಕಗಳೇ ಅರ್ಧ ಉತ್ತರ ಕೊಡುತ್ತವೆ. ಹಾಗಾಗಿ ಕಪ್ಪುಹಲಗೆಯ ಮೇಲೆ ದಿನಾಂಕಗಳನ್ನು ಬರೆಯುವುದು ನನಗೆ ಇಷ್ಟ. ಅಕ್ಟೋಬರ್ 20, ಯುದ್ಧ ಆರಂಭ. ಅಕ್ಟೋಬರ್ 26, ತುರ್ತು ಪರಿಸ್ಥಿತಿ ಘೋಷಣೆ, ಅದರ ಹಿಂದೆಯೇ ಭಾರತ ರಕ್ಷಣಾ ಸುಗ್ರೀವಾಜ್ಞೆ. ಕೆಲವೇ ದಿನಗಳಲ್ಲಿ, ವಿದೇಶಿಯರಿಗೆ ಅನ್ವಯಿಸುತ್ತಿದ್ದ ಕಾನೂನನ್ನು ಹಿಗ್ಗಿಸಿ ಚೀನೀ ಮೂಲದವರನ್ನು ಅದರೊಳಗೆ ತಂದರು. ಭಾರತದ ಪೌರರೂ ಅದರ ಕೈಗೆ ಸಿಕ್ಕರು. ನವೆಂಬರ್ 19ರ ಹೊತ್ತಿಗೆ ಮಾಕುಮ್‌ನಲ್ಲಿ ಬಂಧನ. ನವೆಂಬರ್ 21, ಚೀನಾ ತಾನಾಗಿಯೇ ಕದನವಿರಾಮ ಘೋಷಿಸಿತು. ಅಂದರೆ ದೇವ್ಲಿಯ ರೈಲು ಇನ್ನೂ ದಾರಿಯಲ್ಲಿದ್ದಾಗಲೇ ಗುಂಡಿನ ಸದ್ದು ನಿಂತಿತ್ತು. ಶಿಬಿರ ಮಾತ್ರ 1967ರ ವರೆಗೂ ಉಳಿಯಿತು. ತುರ್ತು ಪರಿಸ್ಥಿತಿ ತೆರವಾದದ್ದು 1968ರ ಜನವರಿಯಲ್ಲಿ.

ಒಂದು ತಿಂಗಳ ಯುದ್ಧ, ನಾಲ್ಕು ವರ್ಷಕ್ಕೂ ಮೀರಿದ ಸೆರೆ. ಈ ಎರಡು ಗೆರೆಗಳನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಎಳೆದರೆ ಹದಿನೈದರ ಮಕ್ಕಳಿಗೂ ತಾವಾಗಿಯೇ ಹೊಳೆಯುವ ಮಾತಿದೆ. ಮೊದಲ ವಾರಕ್ಕೆ ಭಯ ಕಾರಣ ಎಂದು ಒಪ್ಪಬಹುದು. ಮೂರನೆಯ ವರ್ಷಕ್ಕೆ ಏನು ಕಾರಣ? ಅಲ್ಲಿ ಭಯ ಇಲ್ಲ. ಕಡತ ಇದೆ. ಬಿಡುಗಡೆ ಮಾಡಿ ಎಂದು ಬರೆಯಬೇಕಾದ ಕೈ ಬರೆಯದೆ ಇರುವುದಿದೆ. ಅವರಿಗಾಗಿ ಕೇಳುವವರು ಯಾರೂ ಇಲ್ಲದಿರುವುದಿದೆ. ಯುದ್ಧಕಾಲದ ಅನ್ಯಾಯ ಎಂದರೆ ಸಿಟ್ಟಿನಿಂದ ಕೆಂಪಾದ ಕಣ್ಣುಗಳೇ ಎಂದು ಸಿನಿಮಾ ನೋಡಿ ಕಲಿತ ಮಕ್ಕಳಿಗೆ, ಸೀಲು ಒತ್ತುವ ಗುಮಾಸ್ತನೂ ಅದರೊಳಗೆ ಇರುತ್ತಾನೆ ಎಂದು ತೋರಿಸುವುದು ನನಗೆ ಬಹಳ ಮುಖ್ಯವೆನಿಸುತ್ತದೆ.

ಮುಂದಿನ ಕಥೆಯಲ್ಲಿ ತಿಳಿಯಾದ ಒಳಿತು ಕೆಡುಕುಗಳು ಇನ್ನೂ ಕಡಿಮೆ. 1963ರಲ್ಲಿ ಚೀನಾ ಹಡಗುಗಳನ್ನು ಕಳಿಸಿತು. ಮದ್ರಾಸ್ ಬಂದರಿನಿಂದ ಎರಡು ಸಾವಿರಕ್ಕೂ ಹೆಚ್ಚು ಮಂದಿ ಚೀನಾಕ್ಕೆ ಹೋದರು. ಹೋದವರಲ್ಲಿ ಬಹುಮಂದಿ ಬೇರೆ ದಾರಿ ಕಾಣದೆ ಹೋದವರು. ಮನೆ ಅಂಗಡಿಗಳು ಕೈತಪ್ಪಿದ್ದವು, ಮಾಕುಮ್‌ನಲ್ಲಿ ಆಸ್ತಿ ಶತ್ರುವಿನ ಸ್ವತ್ತೆಂದು ಹರಾಜಾಗಿತ್ತು. ಚೀನಾದಲ್ಲಿ ಅವರನ್ನು ಸಾಗರೋತ್ತರ ಚೀನೀಯರಿಗೆಂದು ಇದ್ದ ಕೃಷಿ ಕ್ಷೇತ್ರಗಳಿಗೆ ಕಳಿಸಲಾಯಿತು. ಸಾಂಸ್ಕೃತಿಕ ಕ್ರಾಂತಿಯ ಗದ್ದಲದಲ್ಲಿ ಭಾರತದಿಂದ ಬಂದವರು ಎಂಬುದೇ ಗುಮಾನಿಗೆ ಸಾಕಾಯಿತು. ಇಲ್ಲಿ ಚೀನಾದವರು, ಅಲ್ಲಿ ಭಾರತದವರು. ಭಾರತದಲ್ಲೇ ಉಳಿದವರು ಬಿಡುಗಡೆಯಾದ ಮೇಲೂ ವರ್ಷಗಟ್ಟಲೆ ಪೊಲೀಸ್ ಠಾಣೆಗೆ ಹೋಗಿ ಹಾಜರಿ ಹಾಕಬೇಕಿತ್ತು. ಎಷ್ಟೋ ಮಂದಿ ಕೊನೆಗೆ ಕೆನಡಾ, ಅಮೆರಿಕಕ್ಕೆ ಹೊರಟುಹೋದರು. ಟೊರಾಂಟೊದ ಹಕ್ಕಾ ಚೀನೀ ಹೋಟೆಲುಗಳಲ್ಲಿ ಇಂದಿಗೂ ಹಿಂದಿ ಮಾತಾಡುವ ಮುದುಕರು ಸಿಗುತ್ತಾರೆ. ಹಳೆಯ ಹಿಂದಿ ಹಾಡುಗಳೆಂದರೆ ಅವರಿಗೆ ಪ್ರಾಣ. ಅವರು ಭಾರತ ಸರ್ಕಾರದಿಂದ ಕೇಳುತ್ತಿರುವುದು ಒಂದು ಕ್ಷಮೆಯ ಮಾತು. ಅದು ಈವರೆಗೆ ಬಂದಿಲ್ಲ.

ಕ್ಷಮೆ ಕೇಳಿದ ದೇಶ ಒಂದಿದೆ. ಕ್ಷಮೆಯ ಜೊತೆಗೆ ಪಾಠಕ್ಕೂ ಹಣ ಎತ್ತಿಡುವ ಕಾನೂನು ಮಾಡಿದ ದೇಶ ಅದು. ಹಾಗಾಗಿ ದೇವ್ಲಿಯ ಪಾಠದ ಬಳಿಕ ಅಮೆರಿಕದ ಪಾಠ ಮಾಡುವುದು ನನ್ನ ಕ್ರಮ.

1941ರ ಡಿಸೆಂಬರ್ 7ರಂದು ಹವಾಯಿಯ ಪರ್ಲ್ ಹಾರ್ಬರ್ ಮೇಲೆ ಜಪಾನ್ ಬಾಂಬು ಸುರಿಸಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ 9066ನೇ ಆದೇಶದ ಬಲದಿಂದ, ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನೀ ಮೂಲದವರನ್ನು ಮನೆಗಳಿಂದ ಎಬ್ಬಿಸಿ ಹತ್ತು ಶಿಬಿರಗಳಿಗೆ ಸಾಗಿಸಿದರು. ಅವರಲ್ಲಿ ಮೂರನೇ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ಪೌರರು. ಶಿಬಿರ ಸಿದ್ಧವಾಗುವವರೆಗೆ ಕೆಲವು ಕುಟುಂಬಗಳು ರೇಸ್‌ಕೋರ್ಸಿನ ಕುದುರೆ ಲಾಯಗಳಲ್ಲಿ ಮಲಗಿದವು. ಬೀದಿ ಕಂಬಗಳಿಗೆ ಅಂಟಿಸಿದ ನೋಟೀಸಿನಲ್ಲಿ, ಜಪಾನೀ ಮೂಲದ ‘ಏಲಿಯನ್’ ಮತ್ತು ‘ನಾನ್-ಏಲಿಯನ್’ ಎಲ್ಲರೂ ಹೊರಡಬೇಕು ಎಂದಿತ್ತು. ಈ ‘ನಾನ್-ಏಲಿಯನ್’ ಎಂಬ ಪದದ ಮುಂದೆ ನಾನು ತರಗತಿಯನ್ನು ಬಹಳ ಹೊತ್ತು ನಿಲ್ಲಿಸುತ್ತೇನೆ. ಪರದೇಶಿ ಅಲ್ಲದವನು ಅಂದರೆ ಯಾರು? ಪೌರ. ಪೌರ ಎಂದು ಬರೆದಿದ್ದರೆ, ಪೌರರನ್ನು ಹೇಗೆ ಎಬ್ಬಿಸುತ್ತೀರಿ ಎಂದು ಓದಿದವನು ಕೇಳುತ್ತಿದ್ದ. ಹಾಗಾಗಿ ಪದವನ್ನೇ ಬದಲಿಸಿದರು. ಅನ್ಯಾಯ ಮೊದಲು ಭಾಷೆಯಲ್ಲಿ ನಡೆಯುತ್ತದೆ ಎಂದು ನಾನು ಹೇಳುವ ಮೊದಲೇ, ಕನ್ನಡ ವ್ಯಾಕರಣದಲ್ಲಿ ಚುರುಕಾದ ಯಾರಾದರೊಬ್ಬ ಹುಡುಗಿ ಅದನ್ನು ಹಿಡಿದಿರುತ್ತಾಳೆ.

ಎರಡನೆಯ ಪ್ರಶ್ನೆ ಹವಾಯಿಯದು. ಬಾಂಬು ಬಿದ್ದದ್ದು ಅಲ್ಲಿ. ಜನಸಂಖ್ಯೆಯ ಮೂರನೇ ಒಂದಕ್ಕಿಂತ ಹೆಚ್ಚು ಜಪಾನೀ ಮೂಲದವರಿದ್ದದ್ದೂ ಅಲ್ಲೇ. ಆದರೆ ಅಲ್ಲಿ ಸಾಮೂಹಿಕ ಸ್ಥಳಾಂತರ ನಡೆಯಲಿಲ್ಲ. ಅಷ್ಟು ಮಂದಿಯನ್ನು ತೆಗೆದರೆ ತೋಟಗಳು, ಬಂದರಿನ ಕೆಲಸ, ಇಡೀ ದ್ವೀಪದ ವಹಿವಾಟು ನಿಂತುಹೋಗುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಮಾತ್ರ ಜಪಾನೀ ರೈತರ ಹುಲುಸಾದ ಹೊಲಗಳ ಮೇಲೆ ಬಹುಕಾಲದಿಂದ ಕೆಲವರ ಕಣ್ಣಿತ್ತು. ಭದ್ರತೆಯೇ ಕಾರಣವಾಗಿದ್ದರೆ ನಡೆ ಹೀಗಿರುತ್ತಿತ್ತೇ? ಈ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರಗಳು ಎಷ್ಟೋ ದೊಡ್ಡವರ ಉತ್ತರಗಳಿಗಿಂತ ನೇರವಾಗಿರುತ್ತವೆ.

ಆದರೆ ಪಾಠದ ತಿರುಳು ನನ್ನ ಮಟ್ಟಿಗೆ ಅರ್ಲ್ ವಾರನ್. 1942ರಲ್ಲಿ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಆಗಿದ್ದ ಆತ ಜಪಾನೀ ಮೂಲದವರನ್ನು ಹೊರಹಾಕಬೇಕೆಂದು ಗಟ್ಟಿಯಾಗಿ ವಾದಿಸಿದ. ಇದುವರೆಗೆ ಅವರಿಂದ ಒಂದು ವಿಧ್ವಂಸಕ ಕೃತ್ಯವೂ ನಡೆದಿಲ್ಲವಲ್ಲ ಎಂದರೆ, ಅದೇ ಅಪಾಯದ ಸೂಚನೆ, ಹೊತ್ತು ಕಾಯುತ್ತಿದ್ದಾರೆ ಎಂಬಂಥ ತರ್ಕ ಮುಂದಿಟ್ಟ. ಸಾಕ್ಷ್ಯ ಇಲ್ಲದಿರುವುದೇ ಸಾಕ್ಷ್ಯ! ಇಂಥ ತರ್ಕದ ಎದುರು ಯಾವ ನಿರಪರಾಧಿಯೂ ಬಚಾವಾಗಲಾರ. ಅದೇ ಅರ್ಲ್ ವಾರನ್ ಹನ್ನೆರಡು ವರ್ಷಗಳ ಬಳಿಕ, 1954ರಲ್ಲಿ, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ, ಕರಿಯ ಮತ್ತು ಬಿಳಿಯ ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಎಂಬ ತೀರ್ಪು ಬರೆದ. ಅಮೆರಿಕದ ಇತಿಹಾಸವನ್ನೇ ತಿರುಗಿಸಿದ ತೀರ್ಪು ಅದು. 1942ರ ತನ್ನ ಪಾತ್ರದ ಬಗ್ಗೆ ಆಳವಾದ ವಿಷಾದವನ್ನು ಆತ ತನ್ನ ನೆನಪುಗಳಲ್ಲಿ ಬರೆದಿಟ್ಟ. ಪುಸ್ತಕ ಹೊರಬರುವಷ್ಟರಲ್ಲಿ ಆತ ತೀರಿಕೊಂಡಿದ್ದ.

ಈ ಮನುಷ್ಯನನ್ನು ಹೊಂದಿಸಿ ಬರೆಯಿರಿ ಎಂದರೆ ಎಲ್ಲಿ ಬರೆಯುವುದು? ಮಕ್ಕಳು ಪೇಚಾಡುತ್ತಾರೆ. ಆ ಪೇಚಾಟವನ್ನು ಬೇಗ ಬಿಡಿಸಬಾರದು. ಅವನ ತೀರ್ಪಿನಿಂದ ಶಿಬಿರದ ಮಕ್ಕಳಿಗೆ ಕಳೆದುಹೋದ ವರ್ಷಗಳು ಮರಳಿ ಬರಲಿಲ್ಲ. ಶಿಬಿರದ ಕಾರಣಕ್ಕೆ ತೀರ್ಪು ಸಣ್ಣದೂ ಆಗಲಿಲ್ಲ.

ವಾರನ್ ಜೊತೆಗೆ ಇನ್ನೊಬ್ಬನ ಕಥೆಯನ್ನೂ ಹೇಳಬೇಕು. ಇಲ್ಲವಾದರೆ ಆ ಕಾಲದಲ್ಲಿ ಎಲ್ಲರೂ ಹಾಗೇ ಇದ್ದರು ಎಂಬ ಸಬೂಬು ಮಕ್ಕಳ ಬಾಯಿಗೆ ಸಿಗುತ್ತದೆ. ಕೊಲರಾಡೊ ರಾಜ್ಯದ ಗವರ್ನರ್ ರಾಲ್ಫ್ ಕಾರ್ ಅದೇ 1942ರಲ್ಲಿ, ಜಪಾನೀ ಮೂಲದ ಪೌರರಿಗೂ ಸಂವಿಧಾನದ ರಕ್ಷಣೆ ಇದೆ ಎಂದು ಸಾರ್ವಜನಿಕವಾಗಿ ಹೇಳಿದ. ಆ ವರ್ಷವೇ ಸೆನೆಟ್ ಚುನಾವಣೆಯಲ್ಲಿ ಅಲ್ಪ ಅಂತರದಲ್ಲಿ ಸೋತ. ಬಂಧನಕ್ಕೆ ಒಪ್ಪದ ಫ್ರೆಡ್ ಕೊರೆಮಾತ್ಸು ಎಂಬ ಯುವಕ ಸುಪ್ರೀಂ ಕೋರ್ಟಿಗೆ ಹೋದ. 1944ರಲ್ಲಿ ಆರು ನ್ಯಾಯಮೂರ್ತಿಗಳು ಸರ್ಕಾರದ ಪರ, ಮೂವರು ಅವನ ಪರ. ಅವನಿಗಾಗಿದ್ದ ಶಿಕ್ಷೆ ರದ್ದಾದದ್ದು 1983ರಲ್ಲಿ. ಯುದ್ಧಕಾಲದಲ್ಲಿ ಸರ್ಕಾರ ನ್ಯಾಯಾಲಯದಿಂದ ಮುಚ್ಚಿಟ್ಟಿದ್ದ ಕಾಗದಪತ್ರಗಳು ಹೊರಬಂದ ಮೇಲೆ. ಅದೇ ವರ್ಷ ಸರ್ಕಾರದ್ದೇ ಆಯೋಗವೊಂದು, ಇದಕ್ಕೆಲ್ಲ ಜನಾಂಗ ದ್ವೇಷ, ಯುದ್ಧದ ಉನ್ಮಾದ ಮತ್ತು ರಾಜಕೀಯ ನಾಯಕತ್ವದ ಸೋಲು ಕಾರಣ ಎಂದು ವರದಿ ಕೊಟ್ಟಿತು. 1988ರ ಕಾನೂನು ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಮತ್ತು ಕ್ಷಮಾಪಣೆ ಕೊಟ್ಟಿತು, ಈ ಇತಿಹಾಸವನ್ನು ಜನರಿಗೆ ಕಲಿಸಲೆಂದು ಒಂದು ನಿಧಿಯನ್ನೂ ತೆರೆಯಿತು. 2011ರಿಂದ ಕ್ಯಾಲಿಫೋರ್ನಿಯಾದಲ್ಲಿ ಜನವರಿ 30 ಕೊರೆಮಾತ್ಸು ದಿನ.

ಇಂಥ ಪಾಠ ಮಾಡುವಾಗ ಒಂದು ಆಮಿಷ ಇರುತ್ತದೆ. ಅರ್ಧ ತರಗತಿಯನ್ನು ಸೈನಿಕರನ್ನಾಗಿ, ಇನ್ನರ್ಧವನ್ನು ಕೈದಿಗಳನ್ನಾಗಿ ಮಾಡಿ ನಾಟಕ ಆಡಿಸುವುದು. ನಾನೂ ಒಮ್ಮೆ ಆಡಿಸಿದೆ. ಸೈನಿಕರಾದವರು ನಕ್ಕರು, ಕೈದಿಗಳಾದವರೂ ನಕ್ಕರು, ಗಂಟೆ ಹೊಡೆಯಿತು. ಮೂರು ಸಾವಿರ ಜನರ ಸೆರೆ ನಲವತ್ತು ನಿಮಿಷದ ಆಟವಾಯಿತು. ಅಂದೇ ಕೈಬಿಟ್ಟೆ. ಮಕ್ಕಳ ಮುಂದೆ ಕಾಗದ ಇಟ್ಟರೆ ಸಾಕು. ಆದೇಶ, ನೋಟೀಸು, ದಿನಾಂಕ. ಇದನ್ನು ಯಾರು ಬರೆದರು, ಯಾರು ಜಾರಿ ಮಾಡಿದರು, ಯಾರಿಗೆ ಲಾಭವಾಯಿತು, ಯಾರು ಬೇಡ ಎಂದರು ಎಂದು ಅವರೇ ಕೇಳತೊಡಗುತ್ತಾರೆ.

ಇಷ್ಟೆಲ್ಲ ದೂರದ ಮಾತಾಡಿ ನಮ್ಮ ಅಂಗಳಕ್ಕೆ ಬಾರದಿದ್ದರೆ ಅದು ಪ್ರಾಮಾಣಿಕತೆ ಅಲ್ಲ. ಕರ್ನಾಟಕದ ತರಗತಿಯಲ್ಲಿ ಟಿಪ್ಪು ಸುಲ್ತಾನನ ಹೆಸರು ಎತ್ತುತ್ತಲೇ ಮಕ್ಕಳು ಎರಡು ಪಕ್ಷವಾಗುತ್ತಾರೆ. ಮನೆಯಲ್ಲಿ ಕೇಳಿದ್ದನ್ನೇ ಹೇಳುತ್ತಾರೆ. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರು. ಎಷ್ಟು ಮಂದಿಯನ್ನು ಹಿಡಿದರು ಎಂದರೆ 30,000 ಎಂದವರಿದ್ದಾರೆ, 60,000 ಎಂದವರಿದ್ದಾರೆ, ಅದಕ್ಕೂ ಹೆಚ್ಚು ಎಂದವರೂ ಇದ್ದಾರೆ. ಅವರ ಮೇಲಿದ್ದ ಆರೋಪ, ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರು ಎಂಬುದು. ದೇವ್ಲಿಯ ಪಾಠ ಓದಿದ ಮಕ್ಕಳು ಇಲ್ಲಿ ತಟ್ಟನೆ ತಲೆ ಎತ್ತುತ್ತಾರೆ. ಕೆಲವರ ಮೇಲಿನ ಗುಮಾನಿ ಇಡೀ ಸಮುದಾಯದ ತಪ್ಪಾಗುವ ಬಗೆ ಅವರಿಗೆ ಆಗಲೇ ಪರಿಚಿತ. ಇನ್ನೊಂದು ಘಟನೆ 1791ರದು. ಮರಾಠರ ಸೈನ್ಯದವರು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ, ಶಾರದೆಯ ಮರುಪ್ರತಿಷ್ಠೆಗೆ ಹಣ ಕಳಿಸಿ ಜಗದ್ಗುರುಗಳಿಗೆ ಭಕ್ತಿಯಿಂದ ಕನ್ನಡದಲ್ಲಿ ಪತ್ರ ಬರೆಸಿದವನು ಇದೇ ಟಿಪ್ಪು. ಆ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು. ಶೃಂಗೇರಿಯ ಪತ್ರ ತೋರಿಸಿ ಮಂಗಳೂರಿನ ಕ್ರೈಸ್ತರ ನೋವನ್ನು ಮುಚ್ಚುವವರಿದ್ದಾರೆ, ಆ ನೋವನ್ನು ತೋರಿಸಿ ಪತ್ರಗಳನ್ನು ಮುಚ್ಚುವವರೂ ಇದ್ದಾರೆ. ಮೇಷ್ಟರಾದವರು ಎರಡನ್ನೂ ಮೇಜಿನ ಮೇಲೆ ಇಡಬೇಕು, ಒಂದು ಇನ್ನೊಂದನ್ನು ಅಳಿಸಲು ಬಿಡಬಾರದು. ಮರುದಿನ ಪೋಷಕರು ಶಾಲೆಗೆ ಬಂದು ಕೇಳಿದ್ದುಂಟು, ಎರಡೂ ಕಡೆಯವರು. ಕೂರಿಸಿ ಮಾತಾಡಿದ್ದೇನೆ. ಕೆಲವರು ಒಪ್ಪಿದರು, ಕೆಲವರು ಒಪ್ಪದೇ ಹೋದರು.

ದೇವ್ಲಿಯ ಪಾಠದ ಕೊನೆಗೆ ಮನೆಯಲ್ಲಿ 1962 ನೆನಪಿರುವ ಹಿರಿಯರನ್ನು ಕೇಳಿ ಬನ್ನಿ ಎಂದು ಹೇಳಿದ್ದೆ. ಒಬ್ಬ ಹುಡುಗಿ ಮರುದಿನ ಒಂದೂವರೆ ಪುಟ ಬರೆದುಕೊಂಡು ಬಂದಳು. ಆಗ ದೇಶದ ರಕ್ಷಣಾ ನಿಧಿಗೆ ಊರೂರಿನಲ್ಲೂ ಹೆಂಗಸರು ಚಿನ್ನ ಕೊಟ್ಟಿದ್ದರು. ಇವಳ ಅಜ್ಜಿ ಹೊಸದಾಗಿ ಮದುವೆಯಾದವರು. ಕೈಯಲ್ಲಿದ್ದ ಒಂದು ಜೊತೆ ಬಳೆ ಬಿಚ್ಚಿ ಕೊಟ್ಟಿದ್ದರಂತೆ. ಆ ಬಳೆಯ ನೆನಪಿನಿಂದ ಅಜ್ಜಿಗೆ ಇಂದಿಗೂ ಹೆಮ್ಮೆ ಎಂದು ಬರೆದಿದ್ದಳು.

ರೈಲಿನ ವಿಷಯ ಅಜ್ಜಿಗೆ ಹೇಳಿದೆಯಾ ಎಂದು ಕೇಳಿದೆ.

“ಹೇಳ್ದೆ ಮೇಡಂ. ಅವರಿಗೆ ಗೊತ್ತೇ ಇರ್ಲಿಲ್ಲ. ಸುಮಾರು ಹೊತ್ತು ಸುಮ್ನೆ ಕೂತಿದ್ರು. ಆಮೇಲೆ, ಏಳು ದಿನ ರೈಲಲ್ಲಿ ಆ ಮಕ್ಕಳಿಗೆ ಊಟ ಯಾರು ಕೊಟ್ರು ಮಗಾ ಅಂತ ಕೇಳಿದ್ರು.”